ಜಯಮ್ಮನ ಬಿಲ್ಲೆ

ಜಯಾ, ಆ ದಿನ ಶಾಲೆಯ ಜಗಲಿಯ ಮೇಲೆ ಮೇಷ್ಟ್ರು ನಿನ್ನ ಹೆಸರು ಕೂಗಿದಾಗ "ಬಂದಿದ್ದಾರೆ ಸಾರ್" ಎಂದವಳು ನಾನು. ನೀನು ಬಂದಿರಲಿಲ್ಲ. ನಿಮ್ಮತ್ತೆಯೂ ಬಂದಿರಲಿಲ್ಲ. ನೀವಿಬ್ಬರೂ ಕೆರೆಯ ಕೆಳಗಿನ ಮನೆಯಲ್ಲಿ, ಒಳಗೆ ನುಗ್ಗಿದ ನೀರಿನ ನಡುವೆ, ಯಾರಾದರೂ ಬಂದೇ ಬರುತ್ತಾರೆ ಎಂದು ಕಾಯುತ್ತಿದ್ದಿರಿ.

ನೋಡು, ಬರೆದೇಬಿಟ್ಟೆ. ನಲವತ್ತು ವರ್ಷದಿಂದ ಗಂಟಲಲ್ಲಿ ಕೂತಿದ್ದು ನಾಲ್ಕು ಗೆರೆಯಲ್ಲಿ ಮುಗಿದುಹೋಯಿತು. ಆದರೆ ಯಾಕೆ ಹಾಗಂದೆ ಎನ್ನುವುದು ಮಾತ್ರ — ಅದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಎಂದೋ ಹೇಳಿಬಿಡುತ್ತಿದ್ದೆನೇನೋ. ಇಲ್ಲ, ಅದೂ ಸುಳ್ಳು. ಹೇಳುತ್ತಿರಲಿಲ್ಲ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬಿಟ್ಟು ಬಿಟ್ಟು ಬರೆದರೆ ಅಲ್ಲೂ ಏನಾದರೂ ಬಚ್ಚಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊಸೂರು ರಸ್ತೆಯ ಆಚೀಚೆ ರಾಗಿ ಹೊಲಗಳ ನಡುವೆ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದ ಕಾಲ. ಸಿಂಗಸಂದ್ರ ದಾಟಿ ಒಳಕ್ಕೆ ಬಂದರೆ ಕೆರೆ, ಕೆರೆಯ ಏರಿಯ ಕೆಳಗೆ ನಿಮ್ಮ ಮನೆ. ನಿನ್ನ ಗಂಡ ತೀರಿಕೊಂಡ ಮೇಲೆ ನಿಮ್ಮತ್ತೆ ಆ ಉದ್ದನೆಯ ಮನೆಯ ನಡುವೆ ಹಸಿ ಇಟ್ಟಿಗೆಯ ಗೋಡೆ ಎಬ್ಬಿಸಿ ಅರ್ಧ ಮನೆಯನ್ನು ನಮಗೆ ಬಾಡಿಗೆಗೆ ಕೊಟ್ಟರು. ನಾನು, ನಮ್ಮವರು, ಮೂರು ವರ್ಷದ ಮಗಳು. ಗೋಡೆ ಎಷ್ಟು ತೆಳು ಎಂದರೆ, ಆ ಕಡೆ ನಿಮ್ಮತ್ತೆ, ನಮ್ಮೆಲ್ಲರ ಬಾಯಲ್ಲಿ ಅಜ್ಜಿ, ಕೆಮ್ಮಿದರೆ ಈ ಕಡೆಯಿಂದ ನಮ್ಮವರು "ಬಿಸಿನೀರು ಕುಡೀರಿ ಅಜ್ಜಿ" ಎನ್ನುತ್ತಿದ್ದರು. ಅಜ್ಜಿ ಸುಮ್ಮನಿರುವವರೇ? "ಗೋಡೆ ಕಟ್ಸಿದ್ದು ನಾನು, ಅದಕ್ಕೆ ಕಿವಿ ಇಕ್ಸಿದ್ದು ನೀನಾ?" ಎಂದು ಬೈಯುತ್ತಿದ್ದರು. ಬೈದ ಅರ್ಧ ಗಂಟೆಗೆ ನಿನ್ನ ಕೈಯಲ್ಲಿ ನಮ್ಮ ಮಗುವಿಗೆ ಹಾಲು ಕಳಿಸುತ್ತಿದ್ದರು.

ನಮ್ಮಿಬ್ಬರ ಕೆಲಸ ಒಂದೇ ಕಡೆ, ರಸ್ತೆಯಾಚೆಯ, ತಾಮ್ರದ ತಂತಿಯ ಕಾಯಿಲ್ ಸುತ್ತುವ ಕಾರ್ಖಾನೆಯಲ್ಲಿ. ಗೇಟಿನ ಒಳಗೆ ಒಂದು ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ನಮ್ಮ ನಮ್ಮ ನಂಬರು. ಸೈರನ್ ಕೂಗುವುದರೊಳಗೆ ನಮ್ಮ ಬಿಲ್ಲೆಯನ್ನು ತೆಗೆದು ಡಬ್ಬಿಗೆ ಹಾಕಬೇಕು. ಸೈರನ್ ಆದಮೇಲೆ ಡಬ್ಬಿಗೆ ಬೀಗ. ಯಾರ ಬಿಲ್ಲೆ ಮೊಳೆಯಲ್ಲೇ ಉಳಿಯಿತೋ ಅವಳು ಬಂದಿಲ್ಲ ಎಂದು ಅರ್ಥ. ನೀನು ಹಸು ಕರೆದು, ಅಜ್ಜಿಗೆ ಮುದ್ದೆ ತೊಳಸಿಟ್ಟು ಹೊರಡುವ ಹೊತ್ತಿಗೆ ದಿನಾ ತಡ. ಹೊಸಿಲಲ್ಲಿ ನಿಂತು ದಿನಾ ಅದೇ ಮಾತು: "ನೀನ್ ಓಗಿರಕ್ಕ, ಬೆನ್ನಿಂದೇನೆ ಬತ್ತೀನಿ."

ನಾನು ಹೋಗಿ ನನ್ನ ಬಿಲ್ಲೆಯ ಜೊತೆ ನಿನ್ನದನ್ನೂ ಡಬ್ಬಿಗೆ ಹಾಕುತ್ತಿದ್ದೆ. ವಾಚ್‌ಮನ್ ಕೇಳಿದರೆ "ಬಂದಿದ್ದಾಳೆ, ಒಳಗಿದ್ದಾಳೆ" ಎನ್ನುತ್ತಿದ್ದೆ. ಹತ್ತು ನಿಮಿಷಕ್ಕೆ ನೀನು ಹಿಂದಿನ ಬಾಗಿಲಿಂದ ನುಸುಳಿ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದೆ. ಒಂದು ದಿನವೂ — ಇದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ — ಒಂದೇ ಒಂದು ದಿನವೂ ನೀನು ಬಾರದೆ ಇರಲಿಲ್ಲ. ಹಾಗಾಗಿ ನಾನು ಹೇಳುತ್ತಿದ್ದದ್ದು ಸುಳ್ಳು ಎಂದು ನನಗೆ ಅನಿಸಲೇ ಇಲ್ಲ. ಸ್ವಲ್ಪ ಮುಂಚೆ ಹೇಳಿದ ನಿಜ, ಅಷ್ಟೇ. ನನ್ನ ಮಗಳಿಗೆ ಜ್ವರ ಬಂದಾಗ ನೀನೂ ನನ್ನ ಬಿಲ್ಲೆ ಹಾಕಿದ್ದೀಯ. ನೆರೆಹೊರೆ ಎಂದರೆ ಇದೇ ತಾನೆ ಎಂದುಕೊಂಡಿದ್ದೆವು.

ಆ ವರ್ಷ ಹಿಡಿದ ಮಳೆ ಬಿಡಲಿಲ್ಲ. ಕೆರೆ ಕೋಡಿ ಬಿದ್ದ ದಿನ ಹೆಂಗಸರೆಲ್ಲ ಅರಿಶಿನ ಕುಂಕುಮ ಹಿಡಿದು ಹೋಗಿ ನೀರಿಗೆ ಕೈಮುಗಿದು ಬಂದೆವು. ಅಜ್ಜಿಗೆ ಸೊಂಟ ಹಿಡಿದಿತ್ತು, ಬರಲಾಗಲಿಲ್ಲ. ಮಲಗಿದಲ್ಲಿಂದಲೇ ಹೂವು ಕೊಟ್ಟು ಕಳಿಸಿದರು. ಅದಾಗಿ ಮೂರನೆಯ ದಿನ ರಸ್ತೆಯ ಮೇಲೆಲ್ಲ ನೀರು, ಕಾರ್ಖಾನೆಗೆ ರಜ. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಯಾರೋ ಓಡಿಬಂದು ಏರಿಯಲ್ಲಿ ಬಿರುಕು ಬಿಟ್ಟಿದೆ, ಎಲ್ಲರೂ ದಿಬ್ಬದ ಮೇಲಿನ ಶಾಲೆಗೆ ಹೊರಡಿ ಎಂದು ಕೂಗಿದರು. ನಮ್ಮವರು ಆಗಲೇ ಹಗ್ಗ ತೆಗೆದುಕೊಂಡು ಓಣಿಯ ಆ ತುದಿಯ ಮುದುಕರನ್ನು ಹೊತ್ತು ತರಲು ಹೋಗಿದ್ದರು. ಅವರದು ಕಾವೇರಿ ದಂಡೆಯ ಊರು, ಈಜು ಬಲ್ಲವರು.

ನಾನು ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ನಿನ್ನ ಬಾಗಿಲಿಗೆ ಬಂದೆ. ನೀರು ಆಗ ಪಾದ ಮುಳುಗುವಷ್ಟು. ನೀನು ಅಜ್ಜಿಯನ್ನು ಎಬ್ಬಿಸಿ ಕೂರಿಸುತ್ತಿದ್ದೆ. ತಲೆಯ ಮೇಲೆ ಕಾರ್ಖಾನೆಯ ನೀಲಿ ಕೋಟು ಹೊದ್ದಿದ್ದೆ. ತಿರುಗಿ ನೋಡಿ ಅದನ್ನೇ ಹೇಳಿದೆ — ದಿನಾ ಹೇಳುವುದನ್ನೇ. "ನೀನ್ ಓಗಿರಕ್ಕ, ಬೆನ್ನಿಂದೇನೆ ಬತ್ತೀವಿ."

ನಾನು ಹೊರಟುಬಿಟ್ಟೆ ಜಯಾ. ಮಗುವನ್ನು ದಿಬ್ಬದ ಮೇಲೆ ಬಿಟ್ಟು ವಾಪಸು ಬರಬಹುದಿತ್ತು. ಬರಲಿಲ್ಲ. ಬರಬೇಕು ಎಂದು ತೋಚಲೇ ಇಲ್ಲ.

ಶಾಲೆಯಲ್ಲಿ ಆ ಮಧ್ಯಾಹ್ನ ನಡೆದದ್ದನ್ನು ನೀನು ನೋಡಲಿಲ್ಲ. ನೋಡಿದ್ದರೆ ನಗುತ್ತಿದ್ದೆ. ಚರಂಡಿ ನೀರಿನ ಜಗಳದಲ್ಲಿ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಒಂದೇ ಕಂಬಳಿಯೊಳಗೆ ಕೂತಿದ್ದರು. ಮೇಲಿನ ಬೀದಿಯವರು ಅಕ್ಕಿ, ಸೌದೆ, ಹಾಲು, ಒಣಬಟ್ಟೆ, ಏನು ಸಿಕ್ಕಿತೋ ಅದನ್ನು ತಂದು ಸುರಿದರು. ಯಾರ ಮಗು ಯಾರ ಮಡಿಲಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು, ಆ ಒಂಟಿ ಮನುಷ್ಯ, ತಮ್ಮ ಒಂದೇ ಒಣ ಪಂಚೆಯನ್ನು ಹರಿದು ಮಕ್ಕಳ ತಲೆ ಒರೆಸುತ್ತಿದ್ದರು. ಆಮೇಲೆ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಮನೆಮನೆಯ ಹೆಸರು ಬರೆದುಕೊಂಡು ಒಂದೊಂದಾಗಿ ಕೂಗತೊಡಗಿದರು. ಯಾವ ಮನೆಯವರು ಬಂದಿಲ್ಲವೋ ಅಲ್ಲಿಗೆ ಹಗ್ಗದವರು ಮತ್ತೆ ಇಳಿಯಬೇಕು.

ನಾನು ಹಿಂದೆ, ಕಂಬದ ಪಕ್ಕ, ನಮ್ಮವರ ಟವೆಲು ಹಿಂಡುತ್ತಿದ್ದೆ. ಅವರು ಆಗ ತಾನೆ ಮೂರನೆಯ ಸಲ ಹೋಗಿ ಬಂದಿದ್ದರು. ತುಟಿ ನೀಲಿಗಟ್ಟಿತ್ತು, ಅಂಗಾಲು ಯಾವುದೋ ತಗಡು ತಗುಲಿ ಹರಿದಿತ್ತು. ನನ್ನ ಕಿವಿಗೆ ಮಾತ್ರ ಬೀಳುವಂತೆ ಅಂದರು: "ಇನ್ನೊಂದ್ಸಲ ಇಳಿದ್ರೆ ನಾನು ಎದ್ದು ಬರಲ್ಲ ಕಣೆ."

ಆ ಮಾತು ಮುಗಿದಿತ್ತೋ ಇಲ್ಲವೋ, ಮೇಷ್ಟ್ರು ಕೂಗಿದರು. "ಜಯಮ್ಮ? ಜಯಮ್ಮ, ಅವರ ಅತ್ತೆ?"

"ಬಂದಿದ್ದಾರೆ ಸಾರ್."

ತಗಡಿನ ಸೂರಿನ ಮೇಲೆ ಮಳೆ, ಮಕ್ಕಳ ಅಳು, ಅದರ ನಡುವೆ ನನ್ನ ದನಿ. ಮೇಷ್ಟ್ರು ಗುರುತು ಹಾಕಿ ಮುಂದಿನ ಹೆಸರಿಗೆ ಹೋದರು.

ಯಾಕಂದೆ? ಅಭ್ಯಾಸಬಲ — ನಿನ್ನ ಹೆಸರು ಕೇಳಿದರೆ ನನ್ನ ಬಾಯಿ ತಾನಾಗಿ ಹಾಗೆ ಹೇಳುತ್ತಿತ್ತು, ನಿಜ. ಎಷ್ಟೋ ವರ್ಷ ಇದನ್ನೇ ನಂಬಿದ್ದೆ. ಆದರೆ ಅದಕ್ಕೂ ಸ್ವಲ್ಪ ಮೊದಲು ದಿಬ್ಬ ಹತ್ತುತ್ತಿದ್ದ ಒಂದು ನೀಲಿ ಕೋಟನ್ನು ನಾನು ನೋಡಿದ್ದೆ. ನೀನೇ ಎಂದುಕೊಂಡಿದ್ದೆ. ನೋಡಿದ್ದೆನೇ? ನಮ್ಮ ಊರಲ್ಲಿ ಏಳೆಂಟು ಹೆಂಗಸರಿಗೆ ಅದೇ ಕೋಟು. ಆ ಕೋಟಿನ ಪಕ್ಕ ಕುಂಟುವ ಒಬ್ಬ ಮುದುಕಿ ಇದ್ದರೇ ಎಂದು ಕೇಳಿಕೊಂಡರೆ, ಕೆಲವು ದಿನ ಇದ್ದರು, ಕೆಲವು ದಿನ ಇರಲಿಲ್ಲ. ಆ ನೀಲಿ ಕೋಟನ್ನು ನಾನು ಆಮೇಲೆ ಮನಸ್ಸಿನಲ್ಲೇ ಕೂತು ಹೊಲಿದುಕೊಂಡೆನೋ ಏನೋ. ಮತ್ತೆ ನಮ್ಮವರ ಆ ಮಾತು. ನೀವು ಬಂದಿಲ್ಲ ಎಂದರೆ ಇಳಿಯಬೇಕಾದವರು ಅವರೇ, ಬೇರೆ ಯಾರಿಗೂ ಈಜು ಬರುತ್ತಿರಲಿಲ್ಲ. ಗಂಡನನ್ನು ಉಳಿಸಿಕೊಳ್ಳಲು ನಿಮ್ಮನ್ನು ನೀರಿನಲ್ಲಿ ಬಿಟ್ಟೆನೇ? ಹಾಗೆ ಯೋಚಿಸುವಷ್ಟು ಹೊತ್ತೇ ಇರಲಿಲ್ಲವಲ್ಲ ಎಂದು ಒಂದು ಮನಸ್ಸು. ಅಷ್ಟಕ್ಕೆ ಎಷ್ಟು ಹೊತ್ತು ಬೇಕು ಎಂದು ಇನ್ನೊಂದು. ಇವೆರಡರ ನಡುವೆ ನಾನು ಮುದುಕಿಯಾದೆ, ತೀರ್ಮಾನ ಮಾತ್ರ ಆಗಲಿಲ್ಲ.

ಇನ್ನೂ ಒಂದಿದೆ. ಇದನ್ನು ಬರೆಯದೆ ಹೋದರೆ ಮೇಲೆ ಬರೆದದ್ದಕ್ಕೆಲ್ಲ ಬೆಲೆಯಿಲ್ಲ.

ಸಂಜೆ ಅನ್ನ ಬೆಂದಿತು. ಊಟಕ್ಕೆ ಎಲ್ಲರೂ ಬರಲಿ ಎಂದು ಶಾಲೆಯ ಗಂಟೆ ಬಾರಿಸಿದರು. ನಾನು ಎರಡು ಎಲೆಗೆ ಅನ್ನ ಸಾರು ಹಾಕಿಸಿಕೊಂಡು ಹೊರಟೆ, ನಿನಗೊಂದು ಅಜ್ಜಿಗೊಂದು. ಮೊದಲ ಕೋಣೆಯಲ್ಲಿ ನೀವಿಲ್ಲ. ಎರಡನೆಯದರಲ್ಲಿಲ್ಲ. ಮೂರನೆಯದು ಕತ್ತಲೆ, ಮುಖಗಳ ಹತ್ತಿರ ಬಗ್ಗಿ ಬಗ್ಗಿ ನೋಡಿದೆ. ಆಗಲೇ ಕೂಗಬೇಕಿತ್ತು. ಕೂಗಿದರೆ, "ಬಂದಿದ್ದಾರೆ ಅಂದ್ಯಲ್ಲ" ಎನ್ನುತ್ತಾರೆ. ಮತ್ತೆ ಮೊದಲ ಕೋಣೆಗೆ ಬಂದೆ. ಎಲೆಯಿಂದ ಸಾರು ಸೋರಿ ಮೊಣಕೈವರೆಗೆ ಇಳಿಯುತ್ತಿತ್ತು. ಇನ್ನೊಂದು ಸುತ್ತು ಹಾಕಿದೆ. ಜಗಲಿಗೆ ಬಂದು ಸ್ವಲ್ಪ ಹೊತ್ತು ನಿಂತೆ — ಎಷ್ಟು ಹೊತ್ತು ಎಂದು ಕೇಳಬೇಡ, ಹೇಳಿದರೆ ಕಡಿಮೆಯೇ ಹೇಳುತ್ತೇನೆ. ಆಮೇಲೆ, ಈಗ ತಾನೆ ಗಮನಿಸಿದವಳ ಹಾಗೆ, "ಅಯ್ಯೋ, ಜಯಮ್ಮ ಕಾಣ್ತಿಲ್ವಲ್ಲ!" ಎಂದು ಕೂಗಿಕೊಂಡೆ.

ಮೊದಲು ಓಡಿದವರು ನಮ್ಮವರು. ಎದ್ದು ಬರಲ್ಲ ಎಂದಿದ್ದವರು ಹಗ್ಗ ಕಟ್ಟುವುದಕ್ಕೂ ಕಾಯದೆ ಇಳಿದರು, ನಿನ್ನನ್ನು ಹೆಗಲ ಮೇಲೆ ಹೊತ್ತು ತಂದರು. ಅಜ್ಜಿಯ ದೇಹವನ್ನು ಆಮೇಲೆ ನಾಲ್ಕು ಜನ ಹಗ್ಗ ಹಿಡಿದು ತಂದರು.

ನಡುಗೋಡೆ ಬಿದ್ದಿತ್ತು. ನಾವು ಬಾಡಿಗೆಗೆ ಬರಲೆಂದು ಎಬ್ಬಿಸಿದ ಗೋಡೆ. ಕೆಳಗೆಲ್ಲ ನೀರು ಕುಡಿದು, ಕರಗಿ, ಅಜ್ಜಿಯನ್ನು ನೀನು ಕೂರಿಸಿದ್ದ ರಾಗಿ ಪೆಟ್ಟಿಗೆಯ ಮೇಲೆಯೇ ಬಿದ್ದಿತ್ತು. ವಾರದ ಮೇಲೆ ನಿನಗೆ ಮಾತು ಬಂದಾಗ ನನ್ನ ಕೈ ಹಿಡಿದುಕೊಂಡು ಹೇಳಿದೆಯಲ್ಲ, "ಬೆಲ್ ಒಡೆದ್ರು ಕಣಕ್ಕ. ಅತ್ತೆಗೆ ಯೇಳ್ದೆ, ಈಗ ಎಲ್ರೂನೂ ಎಣಿಸ್ತಾರೆ, ನಾವಿಲ್ಲ ಅಂತ ಗೊತ್ತಾಯ್ತದೆ, ಬತ್ತಾರೆ ಅಂತ. ಅತ್ತೆ ಊಂ ಅಂದ್ರು. ಆಮ್ಯಾಕೆ ಸುಮಾರು ಒತ್ತಾದ್ಮ್ಯಾಲೆ ಗೋಡೆ ಬಿತ್ತು."

ಗಂಟೆಯಾದ ಮೇಲೆ ಸುಮಾರು ಹೊತ್ತು. ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಎಂದು ನನಗೊಬ್ಬಳಿಗೇ ಗೊತ್ತು.

ನೀರು ಇಳಿದ ಮೇಲೆ ಊರವರು ಶಾಲೆಯ ಮುಂದೆ ಸೇರಿ ಮೇಷ್ಟ್ರನ್ನು ಕೇಳಿದರು. ನಿಮ್ಮತ್ತೆಯ ತವರಿನವರೂ ಬಂದಿದ್ದರು. "ಹಾಜರಿ ಕೂಗಿದೋರು ನೀವು, ಎರಡು ಜೀವ ಬಿಟ್ಟು ಹೆಂಗೆ ಗುರುತು ಹಾಕಿದ್ರಿ?" ಮೇಷ್ಟ್ರು ಪುಸ್ತಕ ತೆರೆದು ತೋರಿಸಿದರು. "ನಾನು ಕೂಗಿದೆ. ಬಂದಿದ್ದಾರೆ ಅಂತ ಯಾರೋ ಅಂದ್ರು. ಹೆಣ್ಣುದನಿ." "ಯಾರು? ಯಾರಮ್ಮ ಅಂದೋರು?" ಎಂದು ಊರ ಯಜಮಾನರು ಸುತ್ತ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. ಯಾರೂ ಅದನ್ನು ನೋಡಲಿಲ್ಲ. ಅಥವಾ ಮೇಷ್ಟ್ರು ನೋಡಿದರು. ಅವರ ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತ ಹಾಗಾಯಿತು. ಗೊತ್ತಿದ್ದರೆ ಹೇಳಬಾರದಿತ್ತೇ? ನನ್ನ ಸೊಂಟದ ಮೇಲಿದ್ದ ಮಗುವನ್ನು ನೋಡಿ ಸುಮ್ಮನಾದರೇ? ಗೊತ್ತಿಲ್ಲ. ಅವರು ಪುಸ್ತಕ ಮುಚ್ಚಿ, "ತಪ್ಪು ನನ್ನದೇ. ಮುಖ ನೋಡಿ ಬರೆಯಬೇಕಿತ್ತು" ಎಂದರು.

ಆಮೇಲಿನದು ನಿನಗೆ ಗೊತ್ತು. ಅವರು ನಿನಗೆಂದು ಕಂಬಳಿ ತಂದರು, ನೀನು ಅದನ್ನು ಬೀದಿಗೆ ಎಸೆದೆ. ಎತ್ತಿ ಮಡಿಸಿ ಅವರ ಕೈಗೆ ಕೊಟ್ಟವಳು ನಾನು — ಎಂಥ ಒಳ್ಳೆಯವಳು ನೋಡು! ಮಕ್ಕಳು ಕೂಡ ಅವರ ಬೆನ್ನ ಹಿಂದೆ ಎಣಿಕೆ ತಪ್ಪಿದ ಮೇಷ್ಟ್ರು ಎಂದು ಆಡಿಕೊಳ್ಳುತ್ತಿದ್ದರು. ಮಾರನೆಯ ವರ್ಷ ವರ್ಗ ಮಾಡಿಸಿಕೊಂಡು ಹೋದರು. ಬಸ್ಸಿನವರೆಗೆ ಹೋಗಿ ಬಿಟ್ಟುಬರಲು ಒಬ್ಬರೂ ಇರಲಿಲ್ಲ. ಈಗ ಅವರಿಲ್ಲ ಎಂದು ಕೇಳಿದ್ದೇನೆ. ಅವರ ಮುಂದೆ ಹೇಳಬೇಕಾದದ್ದು ಹಾಗೇ ಉಳಿಯಿತು.

ನಿನ್ನನ್ನು ನಾನು ನೋಡಿಕೊಂಡೆ. ನಿನ್ನ ತಲೆ ಬಾಚಿದೆ, ಗಂಜಿ ಕುಡಿಸಿದೆ. ಊರವರು ಮನೆಗಿಷ್ಟು ಎಂದು ಇಟ್ಟಿಗೆ ಹೊತ್ತು ತಂದು ಗೋಡೆಯನ್ನು ಮತ್ತೆ ಎಬ್ಬಿಸಿಕೊಟ್ಟಾಗ ಕೆಸರು ತುಳಿದವಳೂ ನಾನೇ. ಒಡಹುಟ್ಟಿದವಳೂ ಹೀಗೆ ಮಾಡುವುದಿಲ್ಲ ಎಂದು ಎಲ್ಲರೂ ಹೊಗಳಿದರು. ಅದು ನಿನ್ನ ಮೇಲಿನ ಪ್ರೀತಿಯೋ, ಭಯವೋ, ನನಗೆ ಬೇರ್ಪಡಿಸಲು ಬರಲಿಲ್ಲ. ಇವತ್ತಿಗೂ ಬರುವುದಿಲ್ಲ.

ನೀನು ಕೆಲಸಕ್ಕೆ ಮರಳಿದ ಮೇಲೆ ನಿನ್ನ ಬಿಲ್ಲೆಯನ್ನು ಮುಟ್ಟಲು ನನ್ನ ಕೈ ಬರಲಿಲ್ಲ. ಕಾರ್ಖಾನೆಯಲ್ಲಿ ಕಟ್ಟುನಿಟ್ಟು ಜಾಸ್ತಿ ಆಗಿದೆ ಎಂದು ನಿನಗೆ ಹೇಳಿದೆ. ಆಗಿರಲಿಲ್ಲ. ಒಂದು ದಿನ ನಾನೇ ತಡವಾಗಿ, ಸೈರನ್ ಕೂಗಿ ಎಷ್ಟೋ ಹೊತ್ತಿನ ಮೇಲೆ ಓಡಿಬಂದೆ. ನನ್ನ ಬಿಲ್ಲೆ ಮೊಳೆಯಲ್ಲಿರಲಿಲ್ಲ. ನೀನು ಹಾಕಿದ್ದೆ. ಒಳಗೆ ನೀನು ಸೂಪರ್‌ವೈಸರಿಗೆ "ಸುಶೀಲಕ್ಕ ಬಂದವ್ಳೆ ಸಾರ್, ಕೈ ತೊಳೆಯಕ್ಕೋಗವ್ಳೆ" ಎನ್ನುತ್ತಿದ್ದದ್ದು ಬಾಗಿಲಿಗೇ ಕೇಳಿಸಿತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಹೊಟ್ಟೆನೋವಿರಬೇಕು ಎಂದುಕೊಂಡು ನೀನು ಮಜ್ಜಿಗೆ ತರಿಸಿಕೊಟ್ಟೆ. ಅವತ್ತು ಹೇಳಬಹುದಿತ್ತು. ಮಜ್ಜಿಗೆ ಕುಡಿದೆ.

ನಮ್ಮವರಿಗೆ ಗೊತ್ತಿತ್ತು ಎಂದು ನನ್ನ ಅನುಮಾನ. ಪಕ್ಕದಲ್ಲೇ ನಿಂತಿದ್ದವರಿಗೆ ಹೆಂಡತಿಯ ದನಿ ತಿಳಿಯದೇ? ಸಾಯುವವರೆಗೂ ಒಂದು ದಿನ ಕೇಳಲಿಲ್ಲ. ಆದರೆ ಆ ವರ್ಷದಿಂದ ಅವರು ನೀರಿಗೆ ಇಳಿಯಲಿಲ್ಲ. ಊರಿಗೆ ಹೋದಾಗಲೂ ಹೊಳೆಯ ಮೆಟ್ಟಿಲ ಮೇಲೆ ಕೂತು ತಂಬಿಗೆಯಲ್ಲಿ ಸ್ನಾನ ಮಾಡುತ್ತಿದ್ದರು.

ಈಗ ಆ ಸಾಲಿನಲ್ಲಿ ಮೂರು ಮಹಡಿಯ ಮನೆಗಳು. ನೀನು ಕೆಳಗಿನ ಮನೆಯಲ್ಲಿ, ನಾನು ಎದುರು ಬೀದಿಯಲ್ಲಿ. ನಿನ್ನ ಕಣ್ಣು ಮಂಜಾದ ಮೇಲೆ ದಿನಾ ಬೆಳಿಗ್ಗೆ ಕೋಲು ಊರಿಕೊಂಡು ಬರುತ್ತೀಯ. ಮೊದಲು ಕಾಫಿ, ಆಮೇಲೆ ನಾನು ಪೇಪರು ಓದಿ ಹೇಳಬೇಕು. ಹೋದ ವಾರ ಎಲ್ಲಿಯದೋ ಪ್ರವಾಹದ ಸುದ್ದಿ ಓದುತ್ತಿದ್ದೆ. ನೀನು ಲೋಟ ಕೆಳಗಿಟ್ಟು, "ನಮ್ಮನ್ನ ಒಬ್ರಾದ್ರೂ ಯಾಕಕ್ಕ ನೆನೆಸ್ಕಳ್ಲಿಲ್ಲ?" ಎಂದೆ. ನಲವತ್ತು ವರ್ಷದ ಮೇಲೂ ನಿನಗೆ ಉಳಿದಿರುವುದು ಅದು. ಗೋಡೆಯಲ್ಲ, ನೀರಲ್ಲ. ಇಡೀ ಊರು ಒಂದೆಡೆ ಸೇರಿ ಉಣ್ಣುವಾಗ ನೀವು ಯಾರ ನೆನಪಿಗೂ ಬರಲಿಲ್ಲ ಎನ್ನುವುದು.

ಬಂದಿದ್ದಿರಿ ಜಯಾ. ಮೇಷ್ಟ್ರು ನಿನ್ನ ಹೆಸರು ಕೂಗಿದರು. ನಿನ್ನನ್ನು ಮರೆತವರು ಯಾರೂ ಇಲ್ಲ. ಉತ್ತರ ಕೊಟ್ಟವಳು ನಾನು.

ನಾಳೆ ಪೇಪರಿನ ಬದಲು ಇದನ್ನು ಓದುತ್ತೇನೆ. ಮಗಳ ಕೈಲಿ ಓದಿಸುವುದಿಲ್ಲ, ಆವತ್ತು ಹಾಗಂದ ಬಾಯಿಂದಲೇ ಓದುತ್ತೇನೆ. ಕಾಫಿಗೆ ಮೊದಲು ಓದುತ್ತೇನೆ. ಕುಡಿದ ಮೇಲೆ ಕೇಳಿದರೆ, ಅವಳ ಮನೆಯ ಕಾಫಿ ಕುಡಿದುಬಿಟ್ಟೆನಲ್ಲ ಎಂದು ನೀನು ಬೈಯದೆ ನುಂಗಿಕೊಳ್ಳುತ್ತೀಯ, ನಿನ್ನನ್ನು ನಾನು ಬಲ್ಲೆ. ಬೈಯಬೇಕೆನಿಸಿದರೆ ಬೈ. ಎದ್ದು ಹೋಗಬೇಕೆನಿಸಿದರೆ ಹೋಗು, ಮತ್ತೆ ಬರದಿದ್ದರೂ ಕೇಳುವ ಹಕ್ಕು ನನಗಿಲ್ಲ. ಆದರೆ ನಮ್ಮ ಮನೆಯ ಮೆಟ್ಟಿಲು ಎತ್ತರ, ರಸ್ತೆಯಲ್ಲಿ ಗಾಡಿಗಳು. ನೀನು ಹೋಗುವಾಗ ನಾನು ಬೆನ್ನ ಹಿಂದೆಯೇ ಬರುತ್ತೇನೆ. ಮಾತಾಡಿಸುವುದಿಲ್ಲ. ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹಿಂದಿರುಗುತ್ತೇನೆ.